ಕೂತಾಗಿನ ಅಳತೆ

ನನ್ನ ಮಗನ ಸೊಂಟಕ್ಕೆ ಇಪ್ಪತ್ತೆರಡು ನಂಬರಿನ ಪ್ಯಾಂಟು ಆಗುತ್ತದೆ. ಬಲಗಾಲಿಗೆ ಇಪ್ಪತ್ತನಾಲ್ಕು. ಎಡಗಾಲಿಗೆ ಮೂವತ್ತು.

ಈ ಮೂರೂ ಒಂದೇ ಪ್ಯಾಂಟಿನಲ್ಲಿ ಸಿಗಬೇಕು. ಎಲ್ಲಿ ಸಿಗುತ್ತದೆ, ಹೇಳಿ?

ಸುಹಾಸನಿಗೆ ಈಗ ಹತ್ತು ವರ್ಷ. ಎರಡು ವರ್ಷದವನಿದ್ದಾಗ ಪೋಲಿಯೋ ಬಂದು ಎಡಗಾಲಿನ ಶಕ್ತಿ ಹೋಯಿತು. ಅಂದಿನಿಂದ ಆ ಕಾಲಿಗೆ ಕ್ಯಾಲಿಪರ್. ಅಂದರೆ ತೊಡೆಯಿಂದ ಬೂಟಿನವರೆಗೆ ಎರಡೂ ಪಕ್ಕ ಉಕ್ಕಿನ ಸರಳು, ನಡುನಡುವೆ ಚರ್ಮದ ಪಟ್ಟಿ, ಮಂಡಿಯ ಹೊರಬದಿಗೆ ಒಂದು ಲಾಕ್. ಎದ್ದು ನಿಂತಾಗ ಲಾಕ್ ತಾನಾಗಿ ಬೀಳುತ್ತದೆ, ಕಾಲು ನೆಟ್ಟಗಾಗುತ್ತದೆ. ಕೂರಬೇಕಾದರೆ ಅದನ್ನು ಬೆರಳಿನಿಂದ ಮೇಲಕ್ಕೆಳೆಯಬೇಕು. ಆಗಲೇ ಮಂಡಿ ಮಡಚುವುದು.

ನಾಲ್ಕನೇ ಕ್ಲಾಸಿನವರೆಗೆ ಹಾಫ್ ಪ್ಯಾಂಟ್. ಯಾವ ತಾಪತ್ರಯವೂ ಇರಲಿಲ್ಲ. ಐದನೆಯದರಿಂದ ಹುಡುಗರಿಗೆಲ್ಲ ನೀಲಿ ಫುಲ್ ಪ್ಯಾಂಟ್. ಶಾಲೆಯ ರೂಲ್.

ನಿಜ ಹೇಳಿಬಿಡುತ್ತೇನೆ, ನನಗೆ ಖುಷಿಯಾಯಿತು. ಇನ್ನು ಮೇಲೆ ಯಾರೂ ಅವನ ಕಾಲು ನೋಡಿ ‘ತ್ಚು ತ್ಚು’ ಅನ್ನುವುದಿಲ್ಲ. (ಲೋಕಲ್ ಟ್ರೈನಿನ ಲೇಡೀಸ್ ಡಬ್ಬಿಯಲ್ಲಿ ಎಂಟು ವರ್ಷ ಆ ಶಬ್ದ ಕೇಳಿದವಳು ನಾನು.)

ಮೇ ತಿಂಗಳ ಒಂದು ಶನಿವಾರ ಗೋರೆಗಾಂವ್‌ನಿಂದ ಮಲಾಡ್ ಮಾರ್ಕೆಟ್ಟಿಗೆ ಹೊರಟೆವು, ನಾನೂ ಅವನೂ. ಮೂರು ಅಂಗಡಿ ಹತ್ತಿ ಇಳಿದೆವು. ಮೂರರಲ್ಲೂ ಮೊದಲ ಪ್ರಶ್ನೆ ಒಂದೇ, “ಕಿತನೇ ಸಾಲ್ ಕಾ ಹೈ?” ಬಟ್ಟೆ ಹಾಕಿಕೊಳ್ಳುವುದು ಮೈಯೋ, ವಯಸ್ಸೋ? ವಯಸ್ಸು ಬಿಟ್ಟು ನಂಬರಿಗೆ ಬಂದರೆ ಅದು ಇನ್ನೊಂದು ಕಗ್ಗಂಟು. ಒಬ್ಬನ ಇಪ್ಪತ್ತಾರು ಇನ್ನೊಬ್ಬನ ಇಪ್ಪತ್ತೆಂಟು. ಒಂದು ಕಡೆ ಆ ನಂಬರು ಸೊಂಟದ್ದು, ಇನ್ನೊಂದು ಕಡೆ ಉದ್ದದ್ದು, ಮೂರನೆಯ ಕಡೆ ಯಾವುದರದ್ದೆಂದು ಮಾಲೀಕನಿಗೇ ಗೊತ್ತಿಲ್ಲ.

ಆ ಮಾಲೀಕ ಕ್ಯಾಲಿಪರ್ ನೋಡಿ ಉದಾರವಾಗಿ ಸಲಹೆ ಕೊಟ್ಟ. “ಬೆಹೆನ್‌ಜಿ, ಚಾರ್ ನಂಬರ್ ಬಡಾ ಲೇ ಲೋ. ಊಪರ್ ಸೇ ಬೆಲ್ಟ್ ಲಗಾ ದೋ.”

ನಾಲ್ಕು ನಂಬರ್ ದೊಡ್ಡದನ್ನೇ ಹಾಕಿಸಿ ನೋಡಿದೆ. ಎಡಗಾಲು ಸಲೀಸಾಗಿ ಹೋಯಿತು. ಆದರೆ ಸೊಂಟದ ಸುತ್ತ ಬಟ್ಟೆ ಮೂಟೆಯ ಬಾಯಿ ಕಟ್ಟಿದ ಹಾಗೆ. ಸುಹಾಸ ಕನ್ನಡಿ ನೋಡಿ ಮುಖ ತಿರುಗಿಸಿದ. ಬೇಡ ಅಂತ ತೆಗೆಸಿದೆ.

ಹಟ ನನಗೂ ಇದೆಯಲ್ಲ? ಬಟ್ಟೆ ಕೊಂಡು ಸ್ಟೇಷನ್ ಹತ್ತಿರದ ಶೇಖರಣ್ಣನ ಟೇಲರಿಂಗ್ ಅಂಗಡಿಗೆ ಹೋದೆ. ಕಾರ್ಕಳದ ಕಡೆಯವರು, ಮೂವತ್ತು ವರ್ಷದಿಂದ ಇಲ್ಲೇ ಹೊಲಿಯುತ್ತಿದ್ದಾರೆ. “ಒಳಗೆ ಏನಿದೆ ಅಂತ ಯಾರಿಗೂ ಕಾಣಬಾರದು, ಅಣ್ಣ” ಎಂದೆ. ಸುಹಾಸನನ್ನು ನೆಟ್ಟಗೆ ನಿಲ್ಲಿಸಿ ಟೇಪು ಹಿಡಿದರು. ವಾರದಲ್ಲಿ ಎರಡು ಪ್ಯಾಂಟು ಬಂತು. ಕ್ಯಾಲಿಪರ್ ಇದೆಯೆಂದು ಹೇಳಿದರೂ ನಂಬುವಂತಿರಲಿಲ್ಲ. ವಿಕ್ರೋಳಿಯ ಫ್ಯಾಕ್ಟರಿಯಿಂದ ಬಂದ ನನ್ನ ಯಜಮಾನರು ಮಗನನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, “ಫಸ್ಟ್ ಕ್ಲಾಸ್!” ಅಂದರು.

ಕೂತು ನೋಡು ಅಂತ ಮಾತ್ರ ನಾವಿಬ್ಬರೂ ಅನ್ನಲಿಲ್ಲ.

ಜೂನ್‌ನಲ್ಲಿ ಶಾಲೆ ಶುರುವಾಯಿತು. ನಮ್ಮ ಬಿಲ್ಡಿಂಗಿನ ಹಿಂದಿನ ಗಲ್ಲಿಯಲ್ಲೇ ಶಾಲೆ, ನಡೆದೇ ಹೋಗುತ್ತಾನೆ. ಮೊದಲ ದಿನ ಮಧ್ಯಾಹ್ನ ಮನೆಗೆ ಬಂದವನ ಮುಖ ಬಿಳುಚಿತ್ತು. ಊಟ ಬೇಡ ಅಂದ. ಬಟ್ಟೆ ಬದಲಿಸುವಾಗ ನೋಡುತ್ತೇನೆ, ತೊಡೆಯ ಮೇಲೆ ಚರ್ಮದ ಪಟ್ಟಿ ಉಜ್ಜಿ ಕೆಂಪಗೆ ಸುಲಿದಿದೆ.

“ಏನೋ ಇದು?”

“ಖಡಾ ಥಾ ನಾ, ಅಮ್ಮ. ನಿಂತೇ ಇದ್ದೆ.”

“ಎಷ್ಟು ಹೊತ್ತು?”

“ಪೂರಾ ಟೈಮ್.”

ಐದು ಗಂಟೆ. ಲಾಕ್ ಪ್ಯಾಂಟಿನ ಒಳಗೆ. ಮೇಲಿನಿಂದ ಹಿಡಿದರೆ ಬಟ್ಟೆ ಜಾರುತ್ತದೆ. ಕಾಲು ಚಾಚಿ ಕೂರಲು ಬೆಂಚಿಗೂ ಡೆಸ್ಕಿಗೂ ನಡುವೆ ಜಾಗವಿಲ್ಲ. ಟೀಚರ್ ಕೇಳಿದ್ದಕ್ಕೆ ‘ನಿಲ್ಲೋದೇ ಆರಾಮ್ ಮಿಸ್’ ಅಂದನಂತೆ.

“ಪ್ಯಾಂಟ್ ಮೇಲೆತ್ತಿ ಲಾಕ್ ತೆಗೀಬಾರದಾ?” ನನಗೆ ಕೋಪ ಬಂತು. ಯಾರ ಮೇಲೆ ಅಂತ ಗೊತ್ತಿಲ್ಲ.

ಅವನು ನನ್ನನ್ನೇ ನೋಡಿದ. “ಎತ್ತಿದ್ರೆ ಎಲ್ರಿಗೂ ಕಾಣ್ತಿತ್ತು ನಾ. ನೀನೇ ಅಂದಿದ್ದೆ, ಕಾಣಬಾರದು ಅಂತ.”

ಗಾಯಕ್ಕೆ ಮುಲಾಮು ಹಚ್ಚಿದೆ.

ಅಂದು ಸಂಜೆಯೇ ಆ ಪ್ಯಾಂಟನ್ನು ಚೀಲಕ್ಕೆ ಹಾಕಿ, ಹಾಫ್ ಪ್ಯಾಂಟಿನಲ್ಲಿದ್ದ ಅವನನ್ನು ರಿಕ್ಷಾದಲ್ಲಿ ಕೂರಿಸಿಕೊಂಡು ಶೇಖರಣ್ಣನ ಅಂಗಡಿಗೆ ಹೋದೆ. ನಾನು ಬಾಯಿ ತೆರೆಯುವ ಮೊದಲೇ ಸುಹಾಸ ಗಿರಾಕಿಗಳ ಸ್ಟೂಲಿನ ಮೇಲೆ ಕೂತುಬಿಟ್ಟ.

“ಅಂಕಲ್, ಹಾಗೆ ನಿಂತು ಅಲ್ಲ. ಬೈಠ್ ಕೇ ನಾಪ್, ಕೂತಾಗಿನ ಅಳತೆ ತಗೊಳ್ಳಿ.”

ಮತ್ತೆ ಎದ್ದ. ಲಾಕ್ ಬಿತ್ತು. ಎಳೆದ. ಕೂತ. ಹೀಗೆ ನಾಲ್ಕು ಸಲ ಮಾಡಿ ತೋರಿಸಿದ. ಕೈ ಎಲ್ಲಿಗೆ ಹೋಗಬೇಕು, ಕೂತಾಗ ಮಂಡಿ ಎಷ್ಟು ಉಬ್ಬುತ್ತದೆ, ಬಟ್ಟೆ ಎಲ್ಲಿ ಸಿಕ್ಕಿಕೊಳ್ಳುತ್ತದೆ. ಕೊನೆಗೆ ಚೀಲದಿಂದ ಪ್ಯಾಂಟು ತೆಗೆದು, ಹೊರಬದಿಯ ಹೊಲಿಗೆಯ ಮೇಲೆ ಬೆರಳಿಟ್ಟು ಕೆಳಗಿನಿಂದ ಮಂಡಿಯ ಮೇಲಿನವರೆಗೆ ಎಳೆದ. “ಇಲ್ಲಿ ಜಿಪ್.”

ಶೇಖರಣ್ಣ ಕನ್ನಡಕ ತೆಗೆದರು. “ಎಂತ ಮಾರಾಯ, ಇಷ್ಟು ಗೊತ್ತಿದ್ದವ ಅವತ್ತೇ ಹೇಳ್ಲಿಕ್ಕೆ ಆಗಲಿಲ್ವಾ ನಿಂಗೆ?”

“ಯಾರೂ ಕೇಳಲೇ ಇಲ್ಲ.”

ಅವರು ನೀಲಿಗೆ ಹೊಂದುವ ಸಣ್ಣ ಜಿಪ್ ತೆಗೆದರು. ಅದು ಸಿಕ್ಕಿಹಾಕಿಕೊಳ್ಳುತ್ತೆ, ಬ್ಯಾಗಿಗೆ ಹಾಕುವ ದಪ್ಪ ಜಿಪ್ಪೇ ಬೇಕು ಅಂದ ಇವನು. ಬೆಳ್ಳಗೆ ಹೊಳೆಯುವ ಲೋಹದ್ದು.

“ಎದ್ದು ಕಾಣುತ್ತೆ ಕಣೋ” ಅಂದೆ. ಅಭ್ಯಾಸಬಲ!

“ಕಾಣ್ಲಿ ಅಮ್ಮ. ಜಲ್ದಿ ಖುಲ್ನಾ ಚಾಹಿಯೇ, ಬೇಗ ತೆರ್ಕೋಬೇಕು.”

ಎರಡೇ ದಿನಕ್ಕೆ ಪ್ಯಾಂಟು ಬಂತು. ಹಾಕಿಕೊಂಡು ಹೋದ. ಹೋದ ದಿನವೇ ಹೆಡ್‌ಮಿಸ್ಟ್ರೆಸ್ಸರಿಂದ ಚೀಟಿ, ಬಂದು ಕಾಣಿ ಅಂತ.

ಇಂಗ್ಲಿಷಿನಲ್ಲಿ ನಡೆದ ಮಾತು, ಸಾರ ಇಷ್ಟೇ. ಯೂನಿಫಾರ್ಮ್ ಅಂದರೆ ಎಲ್ಲರದೂ ಒಂದೇ ಥರ ಇರಬೇಕು. ಕಷ್ಟವಾದರೆ ಅವನು ಹಾಫ್ ಪ್ಯಾಂಟಿನಲ್ಲೇ ಬರಲಿ, ಅವರ ಅಭ್ಯಂತರವಿಲ್ಲ.

ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಎರಡು ವಾರದ ಹಿಂದಾಗಿದ್ದರೆ ಥ್ಯಾಂಕ್ಸ್ ಹೇಳಿ ಬರುತ್ತಿದ್ದೆನೇನೋ. ಆದರೆ ಹಾಫ್ ಪ್ಯಾಂಟ್ ಅಂದರೆ ಸುಹಾಸನ ಲೆಕ್ಕದಲ್ಲಿ ‘ಫೋರ್ತ್‌ವಾಲೋಂ ಕಾ’, ನಾಲ್ಕನೇ ಕ್ಲಾಸಿನವರದ್ದು. ಇವನು ಪಾಸಾಗಿ ಐದಕ್ಕೆ ಬಂದ ಹುಡುಗ. ಹಾಗಾಗಿ ನಾನು ಕುರ್ಚಿ ಬಿಟ್ಟು ಏಳಲಿಲ್ಲ. “ಪ್ಯಾಂಟಿನ ಬಣ್ಣ ಅದೇ, ಬಟ್ಟೆ ಅದೇ. ಜಿಪ್ ಇರಬಾರದು ಅಂತ ಯಾವ ರೂಲ್‌ನಲ್ಲಿದೆ, ತೋರಿಸಿ ಮೇಡಂ” ಎಂದೆ. ಅವರು ತೋರಿಸಲಿಲ್ಲ. ಬಿಡಲೂ ಇಲ್ಲ. ಬೆಲ್ ಆಯಿತು. ಮತ್ತೊಂದು ಬೆಲ್ ಆಯಿತು. ಆಮೇಲೆ ಸುಹಾಸನನ್ನು ಕ್ಲಾಸಿನಿಂದ ಕರೆಸಿದರು.

ಬಂದು ನಿಂತ. “ಮೇ ಐ ಸಿಟ್, ಮಿಸ್?”

ಸರ್ರನೆ ಜಿಪ್. ಟಕ್ಕನೆ ಲಾಕ್. ಕೂತ. ಮಂಡಿ ಮಡಚಿ, ಬೆನ್ನು ನೆಟ್ಟಗೆ, ಉಳಿದ ಮಕ್ಕಳು ಕೂರುವ ಹಾಗೆ. ಹೆಡ್‌ಮಿಸ್ಟ್ರೆಸ್ ಕೈಲಿದ್ದ ಪೆನ್ನು ಕೆಳಗಿಟ್ಟರು.

“ಸರಿ. ಈ ವರ್ಷಕ್ಕೆ ಮಾತ್ರ. ಬರುವ ವರ್ಷ ಮತ್ತೆ ಬಂದು ಪರ್ಮಿಷನ್ ತಗೋಬೇಕು.”

“ಬರ್ತೀವಿ ಮೇಡಂ” ಎಂದೆ. “ಅಷ್ಟರಲ್ಲಿ ಇವನು ಇನ್ನೂ ಎರಡಿಂಚು ಬೆಳೆದಿರ್ತಾನೆ.”