ಹಾಲು ಬಿಟ್ಟ ಮೇಲಿನ ಭಾನುವಾರಗಳು

ದಾಂಡೇಲಿಯಲ್ಲಿ ನೀವು ಮಾಂಸ ಬಿಟ್ಟೆನೆಂದರೆ ಜನ ಕೈ ಮುಗಿಯುತ್ತಾರೆ. ಕುಡಿತ ಬಿಟ್ಟೆನೆಂದರೆ ನಂಬುವುದಿಲ್ಲ, ಆದರೂ ಹೊಗಳುತ್ತಾರೆ. ಹಾಲು ಬಿಟ್ಟೆನೆಂದು ಮಾತ್ರ ಹೇಳಿ ನೋಡಿ, ಹತ್ತಿರ ಬಂದು ದನಿ ತಗ್ಗಿಸಿ ಕೇಳುತ್ತಾರೆ: "ಯಾವ ಡಾಕ್ಟರ್ ಹೇಳ್ಯಾರ್ರಿ?"

ನನಗೆ ಯಾವ ಡಾಕ್ಟರೂ ಹೇಳಿರಲಿಲ್ಲ. ಕಾಗದದ ಮಿಲ್ಲಿನಿಂದ ನಿವೃತ್ತನಾದ ಎರಡನೆಯ ವರ್ಷ, ಮೈಯಲ್ಲಿ ಹೇಳಿಕೊಳ್ಳುವಂಥ ಕಾಯಿಲೆಯೊಂದೂ ಇಲ್ಲದೆ, ಹಾಲು, ಮೊಸರು, ಮಜ್ಜಿಗೆ, ಬೆಣ್ಣೆ, ತುಪ್ಪ ಎಲ್ಲವನ್ನೂ ಬಿಟ್ಟೆ. ಮಾಂಸ, ಮೊಟ್ಟೆ ನಮ್ಮ ಹಿರೇಮಠರ ಮನೆಯ ಹೊಸ್ತಿಲನ್ನು ಎಂದೂ ದಾಟಿದವಲ್ಲ. ಹಾಗಾಗಿ ಅವನ್ನು ಬಿಟ್ಟು ಹೊಗಳಿಸಿಕೊಳ್ಳುವ ಯೋಗ ನನಗಿರಲಿಲ್ಲ.

ಇಂಥ ಊಟಕ್ಕೆ ಕನ್ನಡದಲ್ಲಿ ಒಂದು ಸರಿಯಾದ ಹೆಸರೂ ಇಲ್ಲ. 'ಶುದ್ಧ ಸಸ್ಯಾಹಾರಿ' ಎಂಬ ಮಾತನ್ನು ಹೋಟೆಲಿನ ಬೋರ್ಡುಗಳು ಎಂದೋ ಹಿಡಿದುಕೊಂಡಿವೆ. ಒಳಗೆ ಹೋದರೆ ದೋಸೆಯ ಮೇಲೆ ಬೆಣ್ಣೆ ಬಿದ್ದಿರುತ್ತದೆ. ಪೇಟೆಯವರು ವೀಗನ್ ಎನ್ನುತ್ತಾರೆ. ನನ್ನ ಹೆಂಡತಿ ಸುಮಿತ್ರಾ ಆ ಶಬ್ದವನ್ನು ಮೊದಲ ಸಲ ಕೇಳಿದಾಗ 'ವಿಘ್ನ' ಎಂದು ತಿಳಿದಳು. ಆಮೇಲೆ ತಿದ್ದಿ ಹೇಳಿದರೂ ಬಿಡಲಿಲ್ಲ. ಯಾರಾದರೂ ಫೋನಿನಲ್ಲಿ ಕುಶಲ ಕೇಳಿದರೆ, "ಎಲ್ಲಾ ಆರಾಮ ಐತಿ, ಇವರಿಗೆ ಒಂದು ವಿಘ್ನ ಹತ್ತೇತಿ ನೋಡ್ರಿ" ಎನ್ನುತ್ತಾಳೆ.

ಅವಳ ತಪ್ಪೂ ಅಲ್ಲ. ನಮ್ಮ ಭಾಷೆಯೇ ಹಾಲಿನಲ್ಲಿ ಅದ್ದಿ ತೆಗೆದದ್ದು. ಮಗುವಿನದು ಹಾಲುಗಲ್ಲ, ಬೆಳದಿಂಗಳೆಂದರೆ ಹಾಲು ಚೆಲ್ಲಿದ ಹಾಗೆ, ಹೊಂದಿಕೊಂಡ ಗಂಡ ಹೆಂಡಿರು ಹಾಲು ಜೇನು. ನೆರೆಯವನಿಗೆ ಕೇಡಾದರೂ ಕೆಲವರಿಗೆ ಹಾಲು ಕುಡಿದಷ್ಟು ಸಂತೋಷ. ಹಾಲನ್ನೇ ಬಿಟ್ಟವನು ತನ್ನ ಸಂತೋಷವನ್ನು ಯಾವುದರಲ್ಲಿ ಅಳೆಯಬೇಕು?

ಬಿಟ್ಟದ್ದು ಹೀಗೆ. ನನ್ನ ಜೊತೆ ಮಿಲ್ಲಿನಲ್ಲಿದ್ದ ಬಸಪ್ಪ ಈಗ ಸಾಂಬ್ರಾಣಿ ಎಂಬ ಹಳ್ಳಿಯಲ್ಲಿ ಹೊಲ ನೋಡಿಕೊಂಡಿದ್ದಾನೆ. ಒಂದು ಸಂಜೆ ಅವನ ಮನೆಗೆ ಹೋದಾಗ ಎಮ್ಮೆ ಹಿಂಡಲು ಕೂತಿದ್ದ. ಕರು ಕಟ್ಟುವ ಗೂಟ ಸಡಿಲಾಗಿತ್ತು. "ಏ ಹಿರೇಮಠ, ಸ್ವಲ್ಪ ಈ ಹಗ್ಗಾ ಹಿಡಕೊಪಾ" ಎಂದ. ಹಿಡಿದುಕೊಂಡೆ. ಕರು ಎರಡು ಗುಟುಕು ಕುಡಿದಿತ್ತು, ಬಾಯಿತುಂಬ ನೊರೆ. ಬಸಪ್ಪ ಹಿಂಡುವಷ್ಟು ಹೊತ್ತೂ ಅದು ತಾಯಿಯ ಕಡೆಗೆ ಎಳೆಯಿತು, ನಾನು ಈ ಕಡೆಗೆ ಎಳೆದೆ. ಅಷ್ಟು ಸಣ್ಣ ಪ್ರಾಣಿಗೆ ಅಷ್ಟು ಬಲ ಎಲ್ಲಿಂದ ಬಂತೋ! ಕೊನೆಗೆ ಹಿತ್ತಾಳೆಯ ತಂಬಿಗೆಯನ್ನು ಮೇಲೆತ್ತಿ ಬಸಪ್ಪ ನಕ್ಕ: "ಬಾ, ನಿನಗ ಗಟ್ಟಿ ಹಾಲಿನ ಚಹಾ ಮಾಡಸ್ತೀನಿ."

ಬಸಪ್ಪ ಕೆಟ್ಟವನಲ್ಲ. ಕರುವಿಗೆಂದು ಒಂದು ಮೊಲೆಯ ಹಾಲು ಉಳಿಸುತ್ತಾನೆ; ಎಮ್ಮೆಗೆ ಜ್ವರ ಬಂದರೆ ತಾನು ಉಣ್ಣುವುದಿಲ್ಲ. ಇಂಥದನ್ನು ನಾನು ಹುಟ್ಟಿದಾಗಿನಿಂದ ನೋಡಿದ್ದೇನೆ. ಆದರೆ ಹಗ್ಗ ಎಂದೂ ನನ್ನ ಕೈಯಲ್ಲಿರಲಿಲ್ಲ. ಅವತ್ತು ಚಹಾ ಕುಡಿದೆ, ಮನೆಗೆ ಬಂದೆ, ಮರುದಿನದಿಂದ ಕುಡಿಯಲಾಗಲಿಲ್ಲ. ಇದರಲ್ಲಿ ಸಿದ್ಧಾಂತವೇನೂ ಇಲ್ಲ. ಯಾರಾದರೂ ವಾದಕ್ಕೆ ನಿಂತರೆ ನಾನು ಎರಡು ನಿಮಿಷದಲ್ಲಿ ಸೋಲುತ್ತೇನೆ. "ಹಂಗಾರ ಕಾಲಾಗಿನ ಚಪ್ಪಲಿ ಯಾವುದರದರೀ?" ಎಂದು ಸುಮಿತ್ರಾಳೇ ಮೊದಲ ದಿನ ಸೋಲಿಸಿದ್ದಳು.

ಊಟ ಕಷ್ಟವಾಗಲಿಲ್ಲವೆಂದರೆ ಸುಳ್ಳಾಗುತ್ತದೆ. ಶೇಂಗಾ ಹಿಂಡಿಗೆ, ಅಂದರೆ ಚಟ್ನಿಪುಡಿಗೆ, ಮೊಸರಿನ ಬದಲು ಎಣ್ಣೆ ಕಲಸಿಕೊಂಡೆ. ಕೊನೆಯ ತುತ್ತಿಗೆ ಮಜ್ಜಿಗೆ ಇಲ್ಲದೆ ಊಟ ಮುಗಿದಂತೆಯೇ ಅನಿಸದು. ತಾಟಿನ ಮುಂದೆ ಬಸ್ಸಿಗೆ ಕಾಯುವವನಂತೆ ಕೂತಿರುತ್ತಿದ್ದೆ. ಇಷ್ಟೆಲ್ಲ ನಿಭಾಯಿಸಿದೆ. ನಿಭಾಯಿಸಲಾಗದ್ದು ಭಾನುವಾರದ ಚಹಾ.

ನಮ್ಮ ಪಕ್ಕದ ಮನೆ ಬಾಬುಸಾಬನದು. ಸ್ಕೂಟರ್, ಬೈಕು ರಿಪೇರಿಯ ಗ್ಯಾರೇಜು ಅವನದು. ನಡುವೆ ಒಂದೇ ಗೋಡೆ, ಮೂವತ್ತು ವರ್ಷದ ನೆರೆ. ಪ್ರತಿ ಭಾನುವಾರ ಹತ್ತು ಗಂಟೆಗೆ ನಾನೂ ಸುಮಿತ್ರಾಳೂ ಅವನ ಮನೆಗೆ ಹೋಗುವುದು, ಅವನ ಹೆಂಡತಿ ಜರೀನಾ ಭಾಭಿ ಏಲಕ್ಕಿ ಹಾಕಿ ಚಹಾ ಕೊಡುವುದು. ಆ ಮನೆಯಲ್ಲಿ ನಾವು ಮುಟ್ಟುತ್ತಿದ್ದದ್ದು ಅದೊಂದನ್ನೇ. ನಾವು ಶಾಕಾಹಾರಿಗಳಲ್ಲವೇ! ರಮಜಾನ್ ಹಬ್ಬಕ್ಕೆ ಅವರು ನಮಗೆ ಕಳಿಸುತ್ತಿದ್ದದ್ದು ಬೇಯಿಸದ ಶ್ಯಾವಿಗೆ, ಸಕ್ಕರೆ, ಗೋಡಂಬಿ. ನಮ್ಮ ಚಹಾದ ಎರಡು ಕಪ್ಪು, ಒಂದು ಪಾತ್ರೆ, ಯಾವಾಗಲಾದರೂ ಬೇಕಾದೀತೆಂದು ಎರಡು ತಾಟು ಅವರ ಅಡುಗೆಮನೆಯ ಮೇಲಿನ ಹಲಗೆಯಲ್ಲಿ ಬೇರೆಯೇ ಇದ್ದವು. ನಾವು ಇಡಿರೆಂದು ಕೇಳಿರಲಿಲ್ಲ. ಬೇಡವೆಂದೂ ಹೇಳಿರಲಿಲ್ಲ.

ಈಗ ಆ ಒಂದು ಚಹಾವನ್ನೂ ಒಲ್ಲೆನೆನ್ನುವುದು ಹೇಗೆ? ಧೈರ್ಯ ಸಾಲಲಿಲ್ಲ. ಮೊದಲ ಭಾನುವಾರ ಹಳಿಯಾಳದಲ್ಲಿ ಕೆಲಸವಿದೆಯೆಂದು ಹೇಳಿ, ಬೆಳಿಗ್ಗೆಯೇ ಹೋಗಿ ಬಸ್ ಸ್ಟ್ಯಾಂಡಿನಲ್ಲಿ ಸುಮ್ಮನೆ ಕೂತು ಬಂದೆ. ಎರಡನೆಯ ಭಾನುವಾರ ತಲೆನೋವು. ಮೂರನೆಯದಕ್ಕೆ ನೆಪವನ್ನೂ ಹೇಳದೆ ಬಾಗಿಲು ಮುಂದೆ ಮಾಡಿಕೊಂಡು ಮಲಗಿದೆ. ನಾನಿಲ್ಲದೆ ಹೋಗಲು ಸುಮಿತ್ರಾಗೂ ಮುಜುಗರ, ಅವಳೂ ಹೋಗಲಿಲ್ಲ.

ಅವತ್ತು ಸಂಜೆ ಬಾಬುಸಾಬ ಬಂದ. ಒಳಗೆ ಬರಲಿಲ್ಲ, ಬಾಗಿಲಲ್ಲೇ ನಿಂತ. ಗ್ರೀಸಿನ ಕೈಯನ್ನು ಬಟ್ಟೆಗೆ ಒರೆಸುತ್ತಲೇ ಇದ್ದ. "ಹಿರೇಮಠರ, ನಮ್ಮಿಂದ ಏನರ ತಪ್ಪಾತೇನ್ರಿ?"

"ಏ, ಹಂಗೇನಿಲ್ಲ ಬಾಬುಸಾಬ."

"ಮೂರು ವಾರ ಆತ್ರಿ. ಜರೀನಾ ಪಾತೇಲ್ಯಾಗ ಹಾಲು ಇಟಗೊಂಡು ಕುಂದರತಾಳ. ಈಗಿನ ದಿನಮಾನದಾಗ ಒಬ್ಬರು ಚಹಾ ಬಿಟ್ರಂದ್ರ ಮನಸಿಗೆ ಏನೇನೋ ಬರತಾವ್ರಿ. ಯಾರರ ಏನರ ಹೇಳ್ಯಾರೇನು ನಿಮಗ?"

ನನಗೆ ಮುಖ ಎತ್ತಲಾಗಲಿಲ್ಲ. ಒಂದು ಕರುವಿನ ನೋವಿಗೆ ಕರಗಿದವನು ಮೂರು ವಾರ ಗೋಡೆಯಾಚೆಯ ಮನುಷ್ಯರನ್ನು ಹೀಗೆ ಬೇಯಿಸಿದ್ದೆ. ಸಾಂಬ್ರಾಣಿಯ ಕಥೆಯನ್ನೆಲ್ಲ ಹೇಳಿದೆ. ಅವನು ಪೂರ್ತಿ ಕೇಳಿದ. ಕೈ ಒರೆಸುವುದು ನಿಂತಿತು.

"ಹಾಲು ಬಿಟ್ರೇನು? ನಾ ನಮ್ಮನ್ನ ಬಿಟ್ರಿ ಅಂತ ತಿಳದಿದ್ದೆ!" ಎಂದು ನಕ್ಕವನ ಕಣ್ಣು ಒದ್ದೆಯಾಗಿತ್ತು. ಅದೇ ಗ್ರೀಸಿನ ಕೈಯಲ್ಲಿ ನನ್ನ ರಟ್ಟೆ ಹಿಡಿದು ಮನೆಗೆ ಎಳೆದುಕೊಂಡು ಹೋದ.

ಜರೀನಾ ಭಾಭಿ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದರು. ವಿಷಯ ಕೇಳಿ ಅವರಿಗೆ ನಗು ಬರಲಿಲ್ಲ. "ಹಂಗಾರ ಏನ್ ತಿಂತೀರಿ ಅಣ್ಣಾರ?" ಎಂದು ಕೇಳಿದರು.

"ರೊಟ್ಟಿ, ಬದನಿಕಾಯಿ ಪಲ್ಯ, ಕಾಳು, ಚಟ್ನಿ."

ಭಾಭಿ ಹಂಚಿನ ಮೇಲಿನ ರೊಟ್ಟಿ ತಿರುವಿದರು. "ಇವನ್ನೆಲ್ಲಾ ನಾವೂ ದಿನಾ ಮಾಡ್ತೀವ್ರಿ," ಎಂದರು.

ಅಷ್ಟೇ ಮಾತು. ಮೂವತ್ತು ವರ್ಷ ಗೋಡೆಯಾಚೆಯಿಂದ ರೊಟ್ಟಿ ಬಡಿಯುವ ಸಪ್ಪಳ ಕೇಳಿದ್ದೇನೆ. ಆ ಮನೆಯಲ್ಲಿ ದಿನವೂ ಮಾಂಸವೇ ಬೇಯುತ್ತದೆಂದು ನಾನು ತಿಳಿದಿದ್ದೆನೆ? ಇಲ್ಲ. ತಿಳಿದುಕೊಳ್ಳುವ ಗೋಜಿಗೇ ಹೋಗಿರಲಿಲ್ಲ. ಹಾಗಾದರೆ ನಾನು ಇಷ್ಟು ವರ್ಷ ಒಲ್ಲೆನೆಂದದ್ದು ಏನನ್ನು? ಈ ಪ್ರಶ್ನೆಗೆ ಉತ್ತರ ನನಗೆ ಗೊತ್ತಿತ್ತು. ಅದು ಅಡುಗೆಮನೆಯ ಮೇಲಿನ ಹಲಗೆಯ ಮೇಲಿತ್ತು.

ಭಾಭಿ ಕೈ ತೊಳೆದು, ಸ್ಟೂಲು ಎಳೆದು, ಆ ಹಲಗೆಯ ತಾಟು ಇಳಿಸಲು ಹೊರಟರು. "ಅದು ಬ್ಯಾಡ್ರಿ ಭಾಭಿ, ಕೆಳಗಿನ ನಿಮ್ಮ ತಾಟ ಕೊಡ್ರಿ" ಎಂದೆ. ಅವರು ಸ್ಟೂಲಿನ ಮೇಲೆ ನಿಂತುಕೊಂಡೇ ಗಂಡನ ಮುಖ ನೋಡಿದರು. ಬಾಬುಸಾಬ ತನ್ನ ತಾಟನ್ನು ತೊಳೆದು ನನ್ನ ಮುಂದೆ ಇಟ್ಟ. ಬಿಸಿ ರೊಟ್ಟಿ, ಎಣ್ಣೆ ತೇಲುವ ಬದನೆಕಾಯಿ. ಖಾರ ಹೆಚ್ಚಾಗಿತ್ತು, ಕಣ್ಣಲ್ಲಿ ನೀರು ಬಂತು. ಖಾರ ಹೆಚ್ಚಾಗಿದ್ದದ್ದು ಒಳ್ಳೆಯದೇ ಆಯಿತು.

ಮನೆಗೆ ಬಂದು ಸುಮಿತ್ರಾಗೆ ಹೇಳಿದೆ. ಮಡಿ, ಮೈಲಿಗೆ ಎಂದು ಜಗಳವಾದೀತೆಂದು ನಾನು ತಯಾರಾಗಿದ್ದೆ; ಆಗಲಿಲ್ಲ. ಮುಂದಿನ ಭಾನುವಾರದಿಂದ ಇಬ್ಬರೂ ಮತ್ತೆ ಹೋಗತೊಡಗಿದೆವು. ನನಗೆ ರೊಟ್ಟಿ, ಅವಳಿಗೆ ಎಂದಿನ ಏಲಕ್ಕಿ ಚಹಾ. ನಾನು ಉಣ್ಣುವಾಗ ಅವಳು ಕಿಟಕಿಯ ಕಡೆ ನೋಡುತ್ತ ಕೂತಿರುತ್ತಿದ್ದಳು. ನಾನೂ ಒತ್ತಾಯಿಸಲಿಲ್ಲ. ನನಗೆ ಮೂವತ್ತು ವರ್ಷ ಬೇಕಾಗಿತ್ತು. ಅವಳಿಗೆ ಎಷ್ಟು ಬೇಕೋ ಅಷ್ಟಾಗಲಿ ಎಂದುಕೊಂಡೆ.

ಅಷ್ಟೇನೂ ಬೇಕಾಗಲಿಲ್ಲ. ನಾಲ್ಕೋ ಐದೋ ವಾರ ಕಳೆದಿರಬೇಕು. ನಾನು ಎರಡನೆಯ ರೊಟ್ಟಿ ಮುರಿಯುತ್ತಿದ್ದಾಗ ಸುಮಿತ್ರಾ ಚಹಾದ ಕಪ್ಪನ್ನು ಪಕ್ಕಕ್ಕೆ ಸರಿಸಿದಳು.

"ಭಾಭಿ, ನನಗೂ ಒಂದು ರೊಟ್ಟಿ ಹಾಕ್ರಿ," ಎಂದಳು. ಆಮೇಲೆ ನನ್ನ ತಾಟನ್ನೊಮ್ಮೆ ಕನಿಕರದಿಂದ ನೋಡಿ ಸೇರಿಸಿದಳು: "ನನಗೇನು ಇವರಂಗ ವಿಘ್ನ ಇಲ್ಲರೀ. ಮ್ಯಾಲೊಂದಿಷ್ಟು ಬೆಣ್ಣಿ ಇರಲಿ."