ಗುರುಸಿದ್ದ ಬೈಯೋದು ಬಿಟ್ಟಿದ್ದು

ಹನೂರಿನ ನಮ್ಮ ಮನೆಗೆ ಯಾರೇ ಬರಲಿ, ಮೊದಲು ಸಿಗುತ್ತಿದ್ದುದು ನೀರಲ್ಲ, ಗುರುಸಿದ್ದನ ಬೈಗುಳ. ಅವನು ನನ್ನ ಮೈದುನ. ಗಿಡ್ಡ ಕತ್ತು, ಸಣ್ಣ ಕಣ್ಣು, ಬಾಯಿ ತುಂಬ ನಾಲಿಗೆ, ಹುಟ್ಟಿದಾಗಿನಿಂದಲೇ ಹಾಗೆ. ಮಗುವಿನ ಬುದ್ಧಿ ಅನ್ನುತ್ತಿದ್ದರು ಊರವರು. ಮಗುವಂತೆ! ಯಾರಿಗೆ ಯಾವ ಬೈಗುಳ ಅನ್ನೋದರಲ್ಲಿ ಒಂದು ದಿನವೂ ತಪ್ಪಿದವನಲ್ಲ. ಯಳಂದೂರಿನ ಭಾವ ಬಂದರೆ, "ಬಂದ್ಯಾ ಒಟ್ಟೆಬಾಕ? ನಿಮ್ಮೂರಲ್ಲಿ ಇಟ್ಟು ಬೇಯಿಸಾಕಿಲ್ವಾ?" ಮೇಷ್ಟ್ರು ಬಂದರೆ, "ಅಲ್ಲು ಉಜ್ಜಿದ್ಯೇನ್ಲಾ?" ನನ್ನ ತವರು ಧನಗೆರೆ, ನನ್ನ ಕೈಯ ಸಾರಿಗೆ ಉಪ್ಪು ಕಮ್ಮಿ. ಮದುವೆಯಾಗಿ ಬಂದ ವಾರದಿಂದಲೇ ನಾನು "ಧನಗೆರೆ ಸಪ್ಪೆ".

ಅವನಿಗೆ ನಲವತ್ತು ದಾಟಿತ್ತು. ಒಂದು ದಿನ ಭಾವ ಬಂದರೆ ಎದ್ದು ನಿಂತು, "ಬನ್ನಿ, ಕೂತ್ಕಳಿ" ಅಂದ. ಭಾವನಿಗೆ ಕಣ್ಣೀರೇ ಬಂತು. "ನೋಡವ್ವ, ಗುರುಸಿದ್ದಂಗೆ ಬುದ್ಧಿ ಬಂತು!" ಮೇಷ್ಟ್ರಿಗೂ ಮರ್ಯಾದೆ ಸಿಕ್ಕಿತು. ಪಾಪ, ಅವತ್ತು ಹಲ್ಲುಜ್ಜಿಕೊಂಡೇ ಬಂದಿದ್ದರು, ದಂಡವಾಯಿತು.

ತಮ್ಮನಿಗೆ ಬುದ್ಧಿ ಬಂದರೆ ಮಾದೇಶ್ವರನ ಬೆಟ್ಟಕ್ಕೆ ನಡೆಸ್ತೀನಿ ಅಂತ ನಮ್ಮ ಯಜಮಾನರು ಎಂದೋ ಹರಕೆ ಹೊತ್ತಿದ್ದರು. ತಮಗೆ ಮಂಡಿನೋವು. ಊರವರ ಗುಂಪಿನ ಜೊತೆ ಅವನೊಬ್ಬನನ್ನೇ ಕಳಿಸೋಕೆ ನಿಂತರು.

"ಕಾಡುದಾರಿ, ಎಲ್ಲಾರ ತಪ್ಪಿಸ್ಕತಾನೆ. ಬುದ್ಧಿ ಬಂದಿಲ್ಲ, ಓಯ್ತಾ ಅದೆ," ಅಂದೆ.

"ಸುಮ್ನಿರಮ್ಮಿ. ದೇವ್ರ ಅರಕೆಗೆ ಅಡ್ಡ ಬರಬ್ಯಾಡ."

ನಾನೇ ಗುರುಸಿದ್ದನನ್ನ ಬಸ್ಸು ಹತ್ತಿಸಿ ಕೊಳ್ಳೇಗಾಲದ ಡಾಕ್ಟ್ರ ಹತ್ತಿರ ಕರಕೊಂಡು ಹೋದೆ. "ಇಂಥವರು ಹುಟ್ಟಿನಿಂದಲೇ ಹೀಗಮ್ಮ," ಅಂದರು.

"ಉಟ್ದಾಗಿಂದ ಬಯ್ತಿದ್ದ ಸಾ. ಈಗ ಬಯ್ಯಾಕಿಲ್ಲ. ಅದೇ ಕಾಯ್ಲೆ."

ಬೈಯೋಕೆ ಔಷಧಿ ಇಲ್ಲ ಅಂತ ನಕ್ಕು ಕಳಿಸಿದರು.

ಗುಂಪು ಹೊರಡೋ ದಿನ ಬುತ್ತಿಗಂಟು ಬಾಗಿಲಲ್ಲಿತ್ತು. ಅಣ್ಣತಮ್ಮಂದಿರನ್ನ ಪಕ್ಕಪಕ್ಕ ಕೂರಿಸಿ, ಸಾರಿಗೆ ಒಂದು ಹರಳು ಉಪ್ಪೂ ಹಾಕದೆ ಬಡಿಸಿದೆ. ಯಜಮಾನರು ಮೊದಲ ತುತ್ತಿಗೇ, "ಥೂ, ಏನಮ್ಮಿ ಇದು!" ಅಂದರು. ಗುರುಸಿದ್ದ ತಟ್ಟೆ ನೆಕ್ಕಿ, ನನ್ನನ್ನೇ ನೋಡಿ, "ಸಾರು ಚೆಂದಾಗದೆ. ಯಾವೂರಮ್ಮ ನಿಮ್ದು?" ಅಂದ.

ಯಜಮಾನರು ಎಂಜಲು ಕೈಯಲ್ಲೇ ಎದ್ದು ಹೋಗಿ ಬುತ್ತಿಗಂಟು ಬಿಚ್ಚಿದರು. ಗುಂಪು ಅವನನ್ನ ಬಿಟ್ಟೇ ಹೊರಟಿತು.

ಆಮೇಲೆ ಅವನು ಹೆಚ್ಚು ದಿನ ಇರಲಿಲ್ಲ. ಇದ್ದಷ್ಟು ದಿನ ಜಗಲಿ ಮೇಲೆ ಕೂತು ಬಂದವರಿಗೆಲ್ಲ ಕೈ ಮುಗಿದ. ಒಂದು ಸಲ ಭಾವ ಬಂದಾಗ ನೋಡಿ ನೋಡಿ ತಡೆಯಲಾಗದೆ ನಾನೇ ಅಂದೆ, "ಬಂದ್ಯಾ ಒಟ್ಟೆಬಾಕ?" ಕೇಳಿದರೆ ಅವನಿಗೆ ನೆನಪಾದೀತು ಅಂತ. ಗುರುಸಿದ್ದ ಕಣ್ಣು ಬಿಟ್ಟು ಗದರಿದ, "ದೊಡ್ಡೋರ್ಗೆ ಅಂಗೆಲ್ಲ ಅನ್ಬಾರ್ದು ಕಣಮ್ಮ!"

ಅವನು ನನ್ನ ಬೈದಿದ್ದು ಅದೇ ಕಡೆ.