ಬಿಲದ ಬಾಯಲ್ಲಿದ್ದ ಚಿಪ್ಪು

ಬಿಲದೊಳಗೆ ಹಾವಿರಬಹುದಿತ್ತು. ಬದು ಕುಸಿದು ದೊಡ್ಡವ್ವನ ತೋಳು ಹೂತುಹೋಗಬಹುದಿತ್ತು. ಅವರು ಕೆಳಗಿನ ಗದ್ದೆಗೆ ಉರುಳಬಹುದಿತ್ತು, ಕೂಗಿಕೊಳ್ಳಲು ನನಗೆ ದನಿಯೇ ಏಳದಿರಬಹುದಿತ್ತು... ಮೊನ್ನೆ ಹಿತ್ತಲಿನ ಮೋರಿಯ ಹತ್ತಿರ ಏಡಿಯ ಖಾಲಿ ಚಿಪ್ಪೊಂದು ಕಂಡದ್ದೇ, ಈ ಪಟ್ಟಿ ಇಷ್ಟು ವರ್ಷದ ಮೇಲೆ ಮತ್ತೆ ಶುರುವಾಯಿತು. ಚಿಂತೆ ಮಾಡುವ ಕೆಲಸದಲ್ಲಿ ನಾನು ಒಂದು ದಿನವೂ ರಜೆ ತೆಗೆದುಕೊಂಡವಳಲ್ಲ.

ಆಗ ಕೊಡಗು ಮೈಸೂರಿಗೆ ಸೇರಿದ ಹೊಸತು. ನಾನೂ ಕೊಡ್ಲಿಪೇಟೆ ಕಡೆಯ ಹಳ್ಳಿಗೆ ಹೊಸ ಸೊಸೆ. ಪಕ್ಕದ ಮನೆಯ ದೊಡ್ಡವ್ವ ನಾಟಿ ಮುಗಿದ ಮೇಲೆ ಬದುವಿನ ಬಿಲಗಳಿಗೆ ಕೈಹಾಕಿ ಏಡಿ ಹಿಡಿಯುತ್ತಿದ್ದರು. ಬಿಟ್ಟರೆ ಗದ್ದೆಯ ನೀರೆಲ್ಲ ಆ ಬಿಲಗಳಲ್ಲಿ ಬಸಿದುಹೋಗುತ್ತಿತ್ತು. ಅವರ ಕಣ್ಣಿಗೆ ಪೊರೆ ಬಂದಿತ್ತು. ಅದಕ್ಕೇ ಜೊತೆಗೆ ನಾನು.

ಬಿಲದ ಬಾಯಲ್ಲಿ ಚಿಪ್ಪು ಬಿದ್ದಿದ್ದರೆ ಎತ್ತಿ ನೋಡಿ ಹೇಳಬೇಕು, ಅಷ್ಟೇ ನನ್ನ ಕೆಲಸ. ಹಿಂಬದಿಯಲ್ಲಿ ಮುಚ್ಚಳದ ಹಾಗೆ ತೆರೆದು ಒಳಗೆ ಬರಿದಾಗಿದ್ದರೆ ಏಡಿಯೇ ಕಳಚಿಟ್ಟದ್ದು. ಬಿಲದೊಳಗೆ ಅದು ಮೆತ್ತಗೆ ಕೂತಿರುತ್ತದೆ, ಕಚ್ಚಲಾರದು. ಒಡೆದು ನಾರುತ್ತಿದ್ದರೆ ಏಡಿಯನ್ನು ಯಾವುದೋ ತಿಂದಿದೆ. ಆ ಯಾವುದೋ ಇನ್ನೂ ಒಳಗೇ ಇರಬಹುದು...

ಅವತ್ತು ಗದ್ದೆಯ ಮೇಲೆ ಮಂಜು ಇಳಿದಿತ್ತು. ಕಪ್ಪೆಗಳು ಏಕೋ ಸುಮ್ಮನಿದ್ದವು. ಒಂದು ಬಿಲದ ಬಾಯಲ್ಲಿ ಚಿಪ್ಪು ಬಿದ್ದಿದೆ ಎಂದು ದೊಡ್ಡವ್ವನಿಗೆ ಹೇಳಿದೆ.

“ಏನವ್ವ, ಕಳಚಿದ್ದಾ, ಸತ್ತದ್ದಾ?”

ಕೆಸರಲ್ಲಿ ಜಿಗಣೆ ಕಂಡಿದ್ದರಿಂದ ನಾನು ಬಗ್ಗಲಿಲ್ಲ. ನಿಂತಲ್ಲಿಂದಲೇ, “ಕಳಚಿದ್ದು ದೊಡ್ಡವ್ವ,” ಎಂದೆ.

“ಮುಟ್ಟಿ ನೋಡ್ದ್ಯಾ?”

“ಹ್ಞೂಂ.”

ದೊಡ್ಡವ್ವನ ತೋಳು ಬಿಲದೊಳಗೆ ಮೊಣಕೈವರೆಗೆ ಹೋಯಿತು, ಭುಜದವರೆಗೂ ಹೋಯಿತು. ಅವರ ಕೆನ್ನೆ ಬದುವಿನ ಮಣ್ಣಿಗೆ ಒತ್ತಿಕೊಂಡಿತ್ತು. ಅಲ್ಲಿಗೆ ಕೈ ನಿಲ್ಲಿಸಿದರು.

“ಏನೋ ತಣ್ಣಗೈತೆ. ಅಲ್ಲಾಡ್ಬ್ಯಾಡ.”

ನಾನೆಲ್ಲಿ ಅಲ್ಲಾಡಲಿ, ಉಸಿರನ್ನೇ ಬಿಟ್ಟಿರಲಿಲ್ಲ. ತೋಳು ಒಂದೊಂದೇ ಬೆರಳಷ್ಟು ಹೊರಗೆ ಬಂತು. ಕಚ್ಚಿದ ಗುರುತಿರಲಿಲ್ಲ, ಬರೀ ಕೆಸರು. ದೊಡ್ಡವ್ವ ತಡವಿ ಆ ಚಿಪ್ಪನ್ನು ಎತ್ತಿಕೊಂಡರು. ಒಡೆದ ಅಂಚಿನ ಮೇಲೆ ಹೆಬ್ಬೆರಳು ಆಡಿಸಿ, ಮೂಗಿನ ಹತ್ತಿರ ಹಿಡಿದರು. ಬೈಯುತ್ತಾರೆಂದುಕೊಂಡೆ. ಬೈದಿದ್ದರೆ ಒಳ್ಳೆಯದಿತ್ತು.

“ನಡಿ, ಮಳೆ ಬತ್ತದೆ,” ಎಂದರು.

ಈಗ ಅವರಿಲ್ಲ. ಹೋದದ್ದೂ ಹಾವು ಕಚ್ಚಿಯಲ್ಲ, ವಯಸ್ಸಾಗಿ, ಹಾಸಿಗೆಯಲ್ಲೇ. ನಾನು ಹೆದರಿದ್ದರಲ್ಲಿ ಒಂದೂ ಆಗಲಿಲ್ಲ. ಆದದ್ದಿಷ್ಟೇ. ಮಾರನೆಯ ಬೆಳಿಗ್ಗೆ ದೊಡ್ಡವ್ವ ಬುಟ್ಟಿ ಹಿಡಿದು ನಮ್ಮ ಜಗಲಿಯ ಮುಂದೆಯೇ ಹಾದು ಗದ್ದೆಗೆ ಹೋದರು, ನನ್ನನ್ನು ಕರೆಯಲಿಲ್ಲ.